ಮುಖ ಮಹಜರಿನ ಇಪ್ಪತ್ತಮೂರು ಸಹಿಗಳ ಪರವಾಗಿ

ಹೊಂಗೆಕೊಪ್ಪಲು, ಹಳ್ಳಿಮೈಸೂರು ಹೋಬಳಿ,
ಹೊಳೆನರಸೀಪುರ ತಾಲ್ಲೂಕು.
ಶುಕ್ರವಾರ, ನವೆಂಬರ್ ೨೧, ೨೦೨೫

ನಮ್ಮೂರ ಅಂಗನವಾಡಿ ಟೀಚರ ಮೊಬೈಲಿನೊಳಗೆ ಸುಖವಾಗಿ ವಾಸವಾಗಿದ್ದು, ಬಸುರಿಯರ ಮುಖ ನೋಡಿ ಮೊಟ್ಟೆ ಮಂಜೂರು ಮಾಡುವ ಸರ್ವಾಧಿಕಾರವನ್ನು ಹೊಂದಿರುವ ಘನತೆವೆತ್ತ ‘ಸುಮುಖಿ’ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ಚಾರ್ಜು ಸಾಕಷ್ಟಿದೆಯೆಂದೂ, ಮೋಡ ಮುಚ್ಚಿದ ದಿನಗಳಲ್ಲೂ ನೆಟ್‌ವರ್ಕು ತಮ್ಮ ಕೈಬಿಡುತ್ತಿಲ್ಲವೆಂದೂ ನಂಬಿದ್ದೇನೆ. ತಮ್ಮ ಆರೋಗ್ಯ ವಿಚಾರಿಸಿದ ಮೇಲೆಯೇ ನಮ್ಮ ಆರೋಗ್ಯದ ಮಾತು ಎತ್ತುವುದು ಸಭ್ಯತೆಯಾದ್ದರಿಂದ ಮೊದಲಿಗೆ ಇಷ್ಟನ್ನು ಬರೆದಿದ್ದೇನೆ.

ಕೊಡುತ್ತೇವೆಂದು ಅಂಗನವಾಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದು ಇಷ್ಟು: ಬಸುರಿಗೆ ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು, ಹೆಸರುಕಾಳು, ಬೆಲ್ಲ, ಕಡಲೆಕಾಯಿ ಚಿಕ್ಕಿ, ಕಬ್ಬಿಣಾಂಶದ ಮಾತ್ರೆ, ತಿಂಗಳಿಗೊಂದು ಸಲ ತೂಕ, ತಿಂಗಳಿಗೊಂದು ಸಲ ಬಿ.ಪಿ. ತಪಾಸಣೆ. ನನ್ನ ತಂಗಿಗೆ ಏಳನೇ ತಿಂಗಳು ತುಂಬಿದ ಮೇಲೆ ಕೊಡದೆ ಇದ್ದದ್ದು ಇಷ್ಟು: ಮೊಟ್ಟೆ, ಹಾಲು, ಹೆಸರುಕಾಳು, ಬೆಲ್ಲ, ಚಿಕ್ಕಿ, ಮಾತ್ರೆ, ತೂಕ, ಬಿ.ಪಿ. ಗೋಡೆಯನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ. ಅದು ಸುಣ್ಣಬಣ್ಣದೊಂದಿಗೆ ಗಟ್ಟಿಮುಟ್ಟಾಗಿ ನಿಂತಿದೆ, ಬಂದ ಅಧಿಕಾರಿಗಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ನನ್ನ ತಂಗಿಯ ಹೆಸರು ಭಾನುಪ್ರಿಯಾ. ವಯಸ್ಸು ಇಪ್ಪತ್ತನಾಲ್ಕು, ಚೊಚ್ಚಲ ಬಸುರಿ. ಗಂಡ ಪೃಥ್ವಿರಾಜ್ ಚನ್ನರಾಯಪಟ್ಟಣದಿಂದ ಎಳನೀರು ತುಂಬಿಕೊಂಡು ಊರೂರು ತಿರುಗುವ ಗೂಡ್ಸ್ ಗಾಡಿಯ ಡ್ರೈವರು. ಬಸಿರು ನಿಂತ ಹೊಸತರಲ್ಲಿ ವಾಂತಿ ವಿಪರೀತವಾಗಿ, ನೋಡಿಕೊಳ್ಳಲು ಒಬ್ಬರು ಬೇಕೆಂದು ಅವಳು ತೌರಿಗೆ ಬಂದಳು, ನಮ್ಮ ಅವ್ವ ಮಾರಮ್ಮನ ಹತ್ತಿರ ಉಳಿದಳು, ಇಲ್ಲಿಯೇ ಹೆಸರು ಬರೆಸಿದಳು. ಜೂನ್ ತಿಂಗಳ ಆರನೇ ತಾರೀಖು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದೆ ಕೆನ್ನೆ ಗುಳಿ ಬಿದ್ದು, ಕಣ್ಣು ಒಳಸೇರಿ, ಗಲ್ಲದ ಮೂಳೆ ಎದ್ದು ಕಾಣುತ್ತಿದ್ದ ದಿನ, ಟೀಚರ್ ದಾಕ್ಷಾಯಣಮ್ಮನವರು ಅವಳನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ತಮ್ಮ ಮುಂದೆ ಹಾಜರುಪಡಿಸಿದರು. ತಾವು ಆ ಸೊರಗಿದ ಮುಖವನ್ನು ಹೃತ್ಪೂರ್ವಕವಾಗಿ ಸ್ವೀಕರಿಸಿದಿರಿ. ಇದೇ ಭಾನುಪ್ರಿಯಾ, ಇನ್ನು ಹೆರಿಗೆಯಾಗುವವರೆಗೆ ಇವಳು ಹೀಗೆಯೇ ಇರತಕ್ಕದ್ದು ಎಂದು ತಮ್ಮ ಹೊಟ್ಟೆಯೊಳಗೆ ಬರೆದಿಟ್ಟುಕೊಂಡಿರಿ. ತಮ್ಮ ನೆನಪಿನ ಶಕ್ತಿಗೆ ನಮೋ ನಮಃ.

ಅಕ್ಟೋಬರ್ ಆರನೇ ತಾರೀಖು ಸೋಮವಾರ ಅವಳು ಎಂದಿನಂತೆ ಸ್ಟೀಲ್ ಡಬ್ಬಿ ಹಿಡಿದು ಹೋದಳು. ಇಪ್ಪತ್ತೆಂಟು ವಾರ ತುಂಬಿ ಮೂರು ದಿನವಾಗಿತ್ತು. ತಾವು ಮುಖ ತೋರಿಸೆಂದಿರಿ, ತೋರಿಸಿದಳು. ಕಣ್ಣು ಮಿಟುಕಿಸೆಂದಿರಿ, ಮಿಟುಕಿಸಿದಳು. ಇನ್ನೊಮ್ಮೆ ಎಂದಿರಿ, ಇನ್ನೊಮ್ಮೆ ಮಿಟುಕಿಸಿದಳು. ರೆಪ್ಪೆ ದಪ್ಪಗಾಗಿದ್ದರಿಂದ ಅವಳು ಮಿಟುಕಿಸಿದ್ದು ತಮಗೆ ಕಾಣಲಿಲ್ಲವೋ, ಕಂಡರೂ ಒಪ್ಪಿಗೆಯಾಗಲಿಲ್ಲವೋ, ‘ಮುಖ ಹೊಂದಿಕೆಯಾಗಿಲ್ಲ’ ಎಂದು ಕೆಂಪಕ್ಷರದಲ್ಲಿ ಅಪ್ಪಣೆ ಕೊಡಿಸಿದಿರಿ. ದಾಕ್ಷಾಯಣಮ್ಮ ಒಳ್ಳೆಯ ಹೆಂಗಸು. ಕಿಟಕಿ ಹತ್ತಿರ ನಿಲ್ಲಿಸಿದರು, ಅಂಗಳದಲ್ಲಿ ನಿಲ್ಲಿಸಿದರು, ಕುಂಕುಮ ಒರೆಸಿ ನೋಡಿದರು, ಕೂದಲು ಹಿಂದಕ್ಕೆ ಕಟ್ಟಿಸಿದರು. ಕೊನೆಗೆ “ನಾನೇನ್ ಮಾಡ್ಲವ್ವ ಭಾನು, ನೀನು ನೀನಲ್ಲ ಅಂತೈತೆ ಇದು” ಎಂದು ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ನಮ್ಮ ಕೇರಿಯವರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುವವರನ್ನು ನಾವು ಮೂರು ತಲೆಮಾರಿನಿಂದ ಬಲ್ಲೆವು. ಮುಖವನ್ನು ನೆಟ್ಟಗೆ, ಎರಡು ಅಡಿ ದೂರದಿಂದ, ಒಳ್ಳೆಯ ಬೆಳಕಿನಲ್ಲಿ ನೋಡಿಯೂ ನೀನು ಯಾರೋ ಗೊತ್ತಿಲ್ಲವೆಂದವರು ತಾವೇ ಮೊದಲು. ಇತಿಹಾಸದಲ್ಲಿ ತಮ್ಮ ಸ್ಥಾನ ಭದ್ರವಾಗಿದೆ.

ಬಸಿರು ಎಂದರೇನು ಎನ್ನುವುದನ್ನು ತಮಗೆ ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಅದು ತಮ್ಮ ತಪ್ಪಲ್ಲ. ತಮ್ಮನ್ನು ತಯಾರಿಸಿದವರ ಕೋಣೆಯಲ್ಲಿ ಹೆತ್ತವರು ಒಬ್ಬರೂ ಕೂತಿರಲಿಲ್ಲವೆಂದು ತೋರುತ್ತದೆ. ಆದ್ದರಿಂದ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ: ಏಳು ತುಂಬಿದ ಹೆಂಗಸು ಮೂರನೇ ತಿಂಗಳ ಹೆಂಗಸಾಗಿ ಉಳಿಯುವುದಿಲ್ಲ. ಮೂಗು ಅಗಲವಾಗುತ್ತದೆ. ಕೆನ್ನೆಯ ಮೇಲೆ ಕಪ್ಪು ಹರಡುತ್ತದೆ. ಹೊಕ್ಕುಳಿಂದ ಕೆಳಕ್ಕೆ ಒಂದು ಕಪ್ಪು ಗೆರೆ ಇಳಿಯುತ್ತದೆ, ಹೊಕ್ಕುಳೇ ಹೊರಕ್ಕೆ ಬರುತ್ತದೆ. ಗರ್ಭಕೋಶ ಪಕ್ಕೆಲುಬಿನ ತನಕ ಏರಿ ಕೂತು, ಎರಡು ತುತ್ತು ಮುದ್ದೆ ನುಂಗಿದರೆ ಎದೆ ಉರಿಯುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಗಳಿಗೆಗೊಂದು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಅಂಗನವಾಡಿಯ ಕಕ್ಕಸಿಗೆ ಬೀಗ ಹಾಕಿರುವುದರಿಂದ ತಮ್ಮ ಮುಂದೆ ಸಾಲಿನಲ್ಲಿ ನಿಂತವರು ಆ ಸಾಲು ಬಿಟ್ಟು ಹೊಂಗೆಮರದ ಹಿಂದಕ್ಕೆ ಹೋಗಿ ಬಂದು ಮತ್ತೆ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿದು ಸಡಿಲವಾಗುತ್ತದೆ. ಅದು ಸುಳ್ಳುನೋವು, ಹೆರಿಗೆಗೆ ಗರ್ಭಕೋಶ ಮಾಡಿಕೊಳ್ಳುವ ತಾಲೀಮು. ಸೊಂಟದ ಕೀಲುಗಳು ಸಡಿಲವಾಗಿ ನಡಿಗೆಯೇ ಬೇರೆಯಾಗುತ್ತದೆ. ಒಂದು ಶರೀರ ಇಷ್ಟೆಲ್ಲ ಬದಲಾಗುವುದೇ ತುಂಬಿದ ಬಸಿರು. ಅದರ ಮುಂದೆ ಜೂನ್ ತಿಂಗಳ ಫೋಟೋ ಹಿಡಿದು ‘ಹೊಂದಿಕೆಯಾಗಿಲ್ಲ’ ಎನ್ನುವುದು, ತೆನೆ ಕಟ್ಟಿದ ರಾಗಿ ಹೊಲದ ಮುಂದೆ ನಿಂತು ನಾನು ನೋಡಿದಾಗ ಬರೀ ಪೈರಿತ್ತಲ್ಲ ಎಂದು ತಕರಾರು ತೆಗೆದಂತೆ.

ಇನ್ನು ಒಳಗಿರುವವರ ವಿಚಾರ. ಅವರ ಹೆಸರು, ಲಿಂಗ ಯಾವುದೂ ಗೊತ್ತಿಲ್ಲವಾದ್ದರಿಂದ ಗೌರವದಿಂದ ‘ಅವರು’ ಎಂದೇ ಬರೆಯುತ್ತೇನೆ. ಇಪ್ಪತ್ತೆಂಟನೇ ವಾರಕ್ಕೆಲ್ಲ ಅವರಿಗೆ ರೆಪ್ಪೆಗೂದಲು ಬಂದು ಕಣ್ಣು ತೆರೆದು ಮುಚ್ಚಲು ಬರುತ್ತಿತ್ತು. ಅಂದರೆ ತಾವು ತಾಯಿಗೆ ಕಣ್ಣು ಮಿಟುಕಿಸಲು ಹೇಳಿ ಸತಾಯಿಸುತ್ತಿದ್ದ ಅದೇ ಹೊತ್ತಿನಲ್ಲಿ ಒಳಗಡೆ ಒಬ್ಬರು ಧಾರಾಳವಾಗಿ ಮಿಟುಕಿಸುತ್ತಿದ್ದರು. ಕ್ಯಾಮೆರಾವನ್ನು ಒಂದು ಮೊಳ ಕೆಳಕ್ಕೆ ಹಿಡಿಸಿದ್ದರೆ ಮೊಟ್ಟೆ ಸಿಗುತ್ತಿತ್ತೋ ಏನೋ. ಬೆರಳಚ್ಚು ಅವರಿಗೆ ಆಗಲೇ ಮೂಡಿಯಾಗಿದೆ, ತಮ್ಮ ಇಲಾಖೆಯವರು ಯಾವಾಗ ಬೇಕಾದರೂ ಬಂದು ತೆಗೆದುಕೊಳ್ಳಬಹುದು. ಅವರಿಗೆ ಕಿವಿ ಕೇಳಿಸುತ್ತದೆ. ಅವ್ವ ಜಗಲಿಯಿಂದ ಕೋಳಿ ಅಟ್ಟಿದರೆ ಒಳಗೆ ಬೆಚ್ಚಿ ಮಗ್ಗುಲಾಗುತ್ತಾರೆ, ತಾಯಿ ಮಾತಾಡಿದರೆ ಸುಮ್ಮನೆ ಆಲಿಸುತ್ತಾರೆ. ಎಂದೂ ಮುಖ ನೋಡದೆ, ಬರೀ ದನಿಯಿಂದ, ಕತ್ತಲಲ್ಲಿ, ನೀರಿನೊಳಗಿಂದ, ಯಾವ ಸರ್ವರಿನ ಸಹಾಯವೂ ಇಲ್ಲದೆ ಅವರು ನನ್ನ ತಂಗಿಯನ್ನು ಗುರುತು ಹಿಡಿದಿದ್ದಾರೆ. ಅವರ ತೂಕ ಆಗ ಒಂದು ಕೆ.ಜಿ.ಯ ಆಸುಪಾಸು. ತಮ್ಮ ಬುದ್ಧಿಯ ತೂಕ ಎಷ್ಟೆಂದು ನನಗೆ ತಿಳಿದಿಲ್ಲ.

ಈ ಕೊನೆಯ ಮೂರು ತಿಂಗಳಲ್ಲಿ ಅವರು ಮಾಡಿಕೊಳ್ಳಬೇಕಾದ ಕೆಲಸ ಬಹಳ. ಚರ್ಮದಡಿಗೆ ಕೊಬ್ಬು ತುಂಬಿಕೊಂಡು ಸುಕ್ಕು ಬಿಡಿಸಿಕೊಳ್ಳಬೇಕು. ಮೂಳೆ ಗಟ್ಟಿಯಾಗಬೇಕು, ಅದಕ್ಕೆ ಬೇಕಾದ ಸುಣ್ಣದಂಶ ತಾಯಿಯಿಂದಲೇ ಬರಬೇಕು. ಹುಟ್ಟಿದ ಮೇಲಿನ ಆರು ತಿಂಗಳಿಗೆ ಆಗುವಷ್ಟು ಕಬ್ಬಿಣಾಂಶವನ್ನು ಈಗಲೇ ಕೂಡಿಟ್ಟುಕೊಳ್ಳಬೇಕು. ನುಣ್ಣಗಿದ್ದ ಮಿದುಳು ಮಡಿಕೆ ಮಡಿಕೆಯಾಗಿ ಬೆಳೆಯಬೇಕು. ತಲೆ ಕೆಳಗಾಗಿ ತಿರುಗಿ ಕೂರಬೇಕು. ಎಲ್ಲಕ್ಕಿಂತ ಕೊನೆಗೆ ಸಿದ್ಧವಾಗುವುದು ಶ್ವಾಸಕೋಶ. ಅದಕ್ಕಾಗಿ ಅವರು ಗಾಳಿಯೇ ಇಲ್ಲದ ಕಡೆ ಉಸಿರಾಟದ ಅಭ್ಯಾಸ ನಡೆಸುತ್ತಿರುತ್ತಾರೆ. ಇಷ್ಟು ದೊಡ್ಡ ಕಾಮಗಾರಿ ನಡೆಯುತ್ತಿರುವ ಜಾಗಕ್ಕೆ ಸಾಮಗ್ರಿ ಸರಬರಾಜನ್ನು ತಾವು ನಿಲ್ಲಿಸಿದಿರಿ, ಕಾರಣ ಕಾಮಗಾರಿ ನಡೆಯುತ್ತಿರುವುದರಿಂದ ಕಟ್ಟಡದ ಮುಖ ಬದಲಾಗಿದೆ! ಈ ತರ್ಕವನ್ನು ಕಂಡುಹಿಡಿದವರಿಗೆ ಮುಂದಿನ ರಾಜ್ಯೋತ್ಸವ ಪ್ರಶಸ್ತಿ ಕೊಡಿಸಲು ನಮ್ಮ ಕೇರಿಯ ಸಂಘ ಠರಾವು ಮಾಡಲು ತಯಾರಿದೆ.

ಅಕ್ಟೋಬರ್ ಇಪ್ಪತ್ತೇಳಕ್ಕೆ ಎರಡನೇ ಸಲ ಹೊಂದಿಕೆಯಾಗಲಿಲ್ಲ. ನವೆಂಬರ್ ಹತ್ತಕ್ಕೆ ಮೂರನೇ ಸಲ. ಮೂರು ಸಲ ಆದರೆ ತಾವು ಸುಮ್ಮನಿರುವವರಲ್ಲ. ಭಾನುಪ್ರಿಯಾಳ ಹೆಸರಿನ ಮುಂದೆ ‘ನಕಲಿ ಫಲಾನುಭವಿ’ ಎಂದು ಬರೆದು, ಆ ಹೆಸರನ್ನು ತೆಗೆದು, ನಕಲಿಯವಳಿಗೆ ಆಹಾರ ಕೊಡಲು ಯತ್ನಿಸಿದ್ದಕ್ಕೆ ಸಮಜಾಯಿಷಿ ಕೊಡಬೇಕೆಂದು ದಾಕ್ಷಾಯಣಮ್ಮನವರಿಗೆ ಅವರದೇ ಮೊಬೈಲಿನಲ್ಲಿ ಸಂದೇಶ ಕಳಿಸಿದಿರಿ. ಇಪ್ಪತ್ತು ವರ್ಷ ಸೇವೆ ಮಾಡಿದ ಆಕೆ ಅಂಗನವಾಡಿ ಮೆಟ್ಟಿಲ ಮೇಲೆ ಕೂತು ಮಕ್ಕಳೆದುರೇ ಕಣ್ಣೊರೆಸಿಕೊಂಡರು. ಎಂಟು ತಿಂಗಳ ಹೊಟ್ಟೆ ಹೊತ್ತವಳು ನಕಲಿಯಾದರೆ ಆ ಹೊಟ್ಟೆಯಲ್ಲಿರುವುದು ಏನು ಎಂದು ತಾವು ವಿವರಿಸಿದ್ದರೆ ಉಪಕಾರವಾಗುತ್ತಿತ್ತು.

ಶಾಂತಿಗ್ರಾಮದಲ್ಲಿ ನಮ್ಮ ದೊಡ್ಡವ್ವ ಡೇರಿಗೆ ಹಾಲು ಹಾಕುತ್ತಾಳೆ. ಅವಳ ಹಸು ಈಗ ತುಂಬು ಗಬ್ಬ. ಆ ಹಸುವಿನ ಕಿವಿಗೆ ನಂಬರಿನ ಹಳದಿ ಓಲೆ ಇದೆ. ಫೋನು ಮಾಡಿದರೆ ದನದ ಡಾಕ್ಟರು ಬೈಕಿನಲ್ಲಿ ಕೊಟ್ಟಿಗೆಗೇ ಬಂದು, ಕೆಚ್ಚಲು ಮುಟ್ಟಿ, ಹೊಟ್ಟೆ ಒತ್ತಿ, ಕಾಲು ನೋಡಿ ಹೋಗುತ್ತಾರೆ. ಹಸುವಿನ ಮುಖ ಹೊಂದಿಕೆಯಾಯಿತೇ ಎಂದು ಈವರೆಗೆ ಯಾರೂ ಕೇಳಿಲ್ಲ. ನಮ್ಮ ಹೆಣ್ಣುಮಕ್ಕಳ ಕಿವಿಗೂ ತಾವು ಅಂಥದೊಂದು ಹಳದಿ ಓಲೆ ಹಾಕಿಸುವುದಾದರೆ ನಾವು ಸಂತೋಷದಿಂದ ತಲೆಬಾಗುತ್ತೇವೆ, ಕಿವಿ ಊದುವುದು ಅಪರೂಪ.

ಇಲ್ಲಿಯವರೆಗೆ ಬೈದದ್ದಾಯಿತು. ಈ ಪತ್ರ ಬರೆಯುವುದಕ್ಕೆ ನಿಜವಾದ ಕಾರಣ ಬೇರೆ ಇದೆ. ತಮ್ಮ ಕ್ಷಮೆ ಕೇಳಬೇಕಾಗಿದೆ.

ನಮ್ಮ ಕಡೆ ಒಂದು ಮಾತಿದೆ, ‘ಕಳೆ’. ಬಸುರಿಯ ಮುಖ ತುಂಬಿಕೊಂಡು ಮಿರುಗಿದರೆ ಕಳೆ ಬಂದಿದೆ ಎನ್ನುತ್ತೇವೆ. ಹೊಲದಲ್ಲಿ ಬೆಳೆಯನ್ನು ನುಂಗಿಹಾಕುವ ಹುಲ್ಲಿಗೂ ಅದೇ ಮಾತು, ಅದು ಎದ್ದರೆ ಕುಡುಗೋಲು ಹಿಡಿದು ಓಡುತ್ತೇವೆ. ಭಾನುಪ್ರಿಯಾಳ ಮುಖಕ್ಕೆ ಬಂದದ್ದು ಯಾವ ಕಳೆ ಎಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. “ನೋಡವ್ವ, ಜೂನ್‌ನಾಗೆ ಕಡ್ಡಿಯಂಗಿದ್ದೋಳು ಈಗ ಮೊಕಕ್ಕೆ ಎಂಗ್ ಕಳೆ ಬಂದ್ಬುಟ್ಟೈತೆ” ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು. ಬೀದಿಯೂ ಬಂದು ನೋಡಿ ಕೆನ್ನೆ ಸವರಿ ಲಟಿಕೆ ಮುರಿಯಿತು. ತಲೆನೋವು ಎಂದಳು, ಬಿಸಿಲಿಗೆ ಎಂದೆವು. ಕಣ್ಣು ಮಂಜುಮಂಜು ಎಂದಳು, ನಿಶ್ಶಕ್ತಿ, ಮೊಟ್ಟೆ ಸಿಗುತ್ತಿಲ್ಲವಲ್ಲ ಎಂದೆವು. ಕೈಯುಂಗುರ ಬಿಗಿಯಾಗಿ ಸೋಪು ಹಚ್ಚಿ ತೆಗೆದಾಗ ಅವ್ವನಿಗೆ ಖುಷಿಯೋ ಖುಷಿ, ಮಗಳು ಮೈ ಕೈ ತುಂಬಿಕೊಂಡಳೆಂದು. ಗೊರೂರಿನ ಅಣೆಕಟ್ಟೆಯಲ್ಲಿ ಎಷ್ಟು ಅಡಿ ನೀರು ನಿಂತಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ದಿನಾ ಪೇಪರಿನಲ್ಲಿ ಓದುವ ನಾವು, ನಮ್ಮ ಮನೆಯ ಹುಡುಗಿಯ ಕಾಲಿನಲ್ಲಿ ಎಷ್ಟು ನೀರು ನಿಂತಿತ್ತೆಂದು ಬಗ್ಗಿ ನೋಡಲಿಲ್ಲ.

ನೋಡುವುದಿರಲಿ, ತಮ್ಮ ವಿರುದ್ಧ ಹೋರಾಟಕ್ಕೆ ಇಳಿದೆವು. ಅರಕಲಗೂಡಿನಲ್ಲಿ ಅಂಗಡಿ ಇಟ್ಟುಕೊಂಡು ಜನರ ಅರ್ಜಿ ಟೈಪು ಮಾಡುವುದು ನನ್ನ ಕಸುಬು. ಅದರ ಗತ್ತಿನಲ್ಲಿ ನಾನೇ ಒಂದು ಮಹಜರು ಬರೆದೆ. ಜಮೀನಿನ ಗಡಿಗೆ, ಬಿದ್ದ ಮನೆಗೆ, ಸತ್ತ ದನಕ್ಕೆ ಮಹಜರು ಬರೆದು ಪಂಚರ ಸಹಿ ಹಾಕಿಸುವಂತೆ ನನ್ನ ತಂಗಿಯ ಮುಖಕ್ಕೆ ಮಹಜರು. “ಭಾನುಪ್ರಿಯಾ ಕೋಂ ಪೃಥ್ವಿರಾಜ್ ಎಂಬುವರ ಮುಖವನ್ನು ನಾವು ಖುದ್ದಾಗಿ ಪರಿಶೀಲಿಸಲಾಗಿ, ಸದರಿ ಮುಖವು ಮೊದಲಿನಿಂದಲೂ ಹೀಗೆಯೇ ಇದ್ದು, ಅದರಲ್ಲಿ ಯಾವುದೇ ಬದಲಾವಣೆ ಕಂಡುಬಂದಿರುವುದಿಲ್ಲ” ಎಂದು ಬರೆದು ನಾನೇ ಮೊದಲ ಸಹಿ ಹಾಕಿದೆ. ಎರಡನೆಯದು ಅವ್ವನ ಹೆಬ್ಬೆಟ್ಟು. ಮೂರನೆಯದು ಪಂಚಾಯಿತಿ ಮೆಂಬರು ಪುಟ್ಟರಾಜು ಅವರದು, ಮೊಹರು ಸಮೇತ. ಒಟ್ಟು ಇಪ್ಪತ್ತಮೂರು ಜನ, ಒಬ್ಬೊಬ್ಬರೂ ಅವಳ ಮುಖವನ್ನು ದಿಟ್ಟಿಸಿ ನೋಡಿ, ಬದಲಾವಣೆಯಿಲ್ಲವೆಂದು ಸಹಿ ಮಾಡಿದೆವು. ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಕೊಳ್ಳುವಾಗಲೂ ಒಂದೆರಡನ್ನು ಕೈಗೆತ್ತಿಕೊಂಡು ಒತ್ತಿ ನೋಡುವ ಜನ ನಾವು.

ನವೆಂಬರ್ ಹನ್ನೆರಡು, ಬುಧವಾರ, ಪಂಚಾಯಿತಿ ಕಚೇರಿ ಮುಂದೆ ಧರಣಿ. ನೀಲಿ ಬಾವುಟ ಕಟ್ಟಿದ್ದೆವು, ತಮಟೆ ಇತ್ತು, ಪೇಪರಿನವರು ಬಂದಿದ್ದರು. ಭಾನುಪ್ರಿಯಾಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಂದೆ ಕೂರಿಸಿ, ಕೈಗೆ ಮಹಜರು ಕೊಟ್ಟೆವು. “ಒಸಿ ನಗವ್ವ, ಫೋಟೋದಾಗೆ ಮೊಕ ಚೆನ್ನಾಗಿ ಕಾಣ್ಲಿ” ಎಂದರು ಪುಟ್ಟರಾಜು. ನಗಲು ಹೋದಳು. ನಗು ಮುಖದ ತುಂಬ ಹರಡಲಿಲ್ಲ, ತುಟಿಯ ಹತ್ತಿರವೇ ನಿಂತಿತು. ಅದನ್ನೂ ನಾವು ನಾಚಿಕೆ ಎಂದುಕೊಂಡೆವು. “ಅದೇ ಮುಖ! ಅದೇ ಮುಖ!” ಎಂದು ನಾನು ಮೈಕಿನಲ್ಲಿ ಕೂಗಿದೆ, ಜನ ದನಿಗೂಡಿಸಿದರು.

ಆ ಹೊತ್ತಿಗೆ ನರ್ಸ್ ರಂಜಿತಾ ಸ್ಕೂಟಿಯಲ್ಲಿ ಆ ದಾರಿಯಾಗಿ ಬಂದರು. ಎರಡು ಉಪಕೇಂದ್ರಗಳ ಹೊಣೆ ಹೊತ್ತು, ದಿನದ ಮುಕ್ಕಾಲು ಪಾಲು ತಮ್ಮ ಅಣ್ಣತಮ್ಮಂದಿರಾದ ಇತರ ಯಂತ್ರಗಳಿಗೆ ಅಂಕಿಅಂಶ ಉಣಿಸುತ್ತ ಕೂರುವ ಹೆಣ್ಣುಮಗಳು. ನಮ್ಮ ಕೊಪ್ಪಲಿನ ಕಡೆ ಬರಲಾಗದೆ ಎರಡು ತಿಂಗಳಾಗಿತ್ತು. ಆಕೆ ಮುಖ ನೋಡಲಿಲ್ಲ, ಮಹಜರು ಓದಲಿಲ್ಲ. ಕಾಲು ನೋಡಿದರು.

“ಈ ಚಪ್ಪಲಿ ಯಾರ್ದವ್ವ?”

“ನಮ್ಮೆಜಮಾನ್ರುದು ಸಿಸ್ಟರ್. ನಂದು ತೂರ್ತಾನೇ ಇಲ್ಲ.”

ರಂಜಿತಾ ಅಲ್ಲೇ ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿಟ್ಟು ಒತ್ತಿ ಬಿಟ್ಟರು. ಗುಂಡಿ ಬಿತ್ತು. ಅದು ಹಾಗೇ ಇತ್ತು. ತಮಟೆಯವನು ಬಡಿಯುವುದನ್ನು ನಿಲ್ಲಿಸಿದ. “ತಲೆ ನೋಯ್ತದಾ? ಕಣ್ಣು ಮಂಜಾಯ್ತದಾ?” ಎಂದು ಕೇಳಿ, ಹೂಂ ಎಂದು ಅವಳು ತಲೆಯಾಡಿಸಿದ ಕೂಡಲೇ ರಂಜಿತಾ ಎದ್ದು ನಮ್ಮ ಕಡೆ ತಿರುಗಿದರು. “ಯಾರ್ರೀ ಅದು ಅದೇ ಮುಖ ಅಂತ ಕೂಗ್ತಿರೋದು? ಇದು ಬಾವು ಕಣ್ರೀ! ಬಿ.ಪಿ. ಏರೈತೆ ಇವ್ಳಿಗೆ. ಮೈಕ್ ಮಡಗಿ ಗಾಡಿ ತರ್ಸಿ ಮೊದ್ಲು!” ಮೈಕು ನನ್ನ ಕೈಯಲ್ಲಿತ್ತು. ಆಮೇಲೆ ಅದು ಎಲ್ಲಿಗೆ ಹೋಯಿತೋ ನನಗೆ ನೆನಪಿಲ್ಲ.

ಉಪಕೇಂದ್ರದ ಬಿ.ಪಿ. ಯಂತ್ರ ರಿಪೇರಿಗೆಂದು ಹೋಗಿ ವರ್ಷವಾಗಿದೆ. ಗಾಡಿ ಸಿಕ್ಕಿ ಹೊಳೆನರಸೀಪುರ ತಲುಪಿ ತೋಳಿಗೆ ಪಟ್ಟಿ ಸುತ್ತಿದಾಗ ನೂರಾ ಐವತ್ತಾರಕ್ಕೆ ನೂರಾ ನಾಲ್ಕು. ಮೂತ್ರದಲ್ಲಿ ಪ್ರೋಟೀನು. ಅಲ್ಲಿಯ ಡಾಕ್ಟರು ಒಂದು ಗಳಿಗೆಯನ್ನೂ ಹಾಳುಮಾಡದೆ ಮಾತ್ರೆ ಕೊಟ್ಟು, ಮಗು ಅವಧಿಗೆ ಮುಂಚೆಯೇ ಬರಬೇಕಾಗಿ ಬಂದರೆ ಅದರ ಶ್ವಾಸಕೋಶಕ್ಕೆ ಬಲವಾಗಲೆಂದು ಇಂಜೆಕ್ಷನ್ ಹಾಕಿ, ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಹಾಸನದ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಬಸಿರಿನಲ್ಲಿ ಪಾದ ಊದುವುದು ಸಾಮಾನ್ಯ, ಆದರೆ ಮುಖ ಊದಿ ತಲೆನೋವು, ಕಣ್ಣುಮಂಜು ಸೇರಿದರೆ ಒಂದು ದಿನವೂ ಕಾಯಬಾರದೆಂದೂ, ಹಾಗೆಯೇ ಬಿಟ್ಟಿದ್ದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯವಾಗಬಹುದಿತ್ತೆಂದೂ ಹೇಳಿ, “ಮುಖ ಬದಲಾಗಿದ್ದು ನಿಮಗ್ಯಾರಿಗೂ ಗೊತ್ತಾಗಲೇ ಇಲ್ವಾ?” ಎಂದು ಕೇಳಿದರು.

ಗೊತ್ತಾಗಿತ್ತು, ಮಾನ್ಯರೇ. ತಮಗೆ ಗೊತ್ತಾಗಿತ್ತು. ಹೆತ್ತ ತಾಯಿ, ಒಡಹುಟ್ಟಿದ ಅಕ್ಕ, ಪಂಚಾಯಿತಿ ಮೆಂಬರು, ಹೋರಾಟದ ಸಂಗಾತಿಗಳು ಇಪ್ಪತ್ತಮೂರು ಜನ ಬದಲಾಗಿಲ್ಲವೆಂದು ಸಹಿ ಹಾಕಿ ಕೂಗುತ್ತಿದ್ದಾಗ, ತಾವೊಬ್ಬರೇ ಒಂದಲ್ಲ ಮೂರು ಸಲ ತಾರೀಖು, ಗಂಟೆ, ನಿಮಿಷದ ಸಮೇತ ಈ ಮುಖ ಆ ಮುಖವಲ್ಲವೆಂದು ಹೇಳಿದಿರಿ. ಇಡೀ ತಾಲ್ಲೂಕಿನಲ್ಲಿ ಸರಿಯಾಗಿ ನೋಡಿದವರು ತಾವು. ಆದ್ದರಿಂದ ನಮ್ಮ ಮುಖ ಮಹಜರನ್ನು ಈ ಮೂಲಕ ಬೇಷರತ್ತಾಗಿ ಹಿಂತೆಗೆದುಕೊಂಡು, ತಮ್ಮಲ್ಲಿ ಕೈಮುಗಿದು ಕ್ಷಮೆ ಕೇಳುತ್ತೇನೆ.

ಕ್ಷಮೆ ಕೇಳಿದ್ದು ಮುಗಿಯಿತು, ಈಗ ಒಂದೇ ಒಂದು ಪ್ರಶ್ನೆ. ಬದಲಾದ ಮುಖ ಕಂಡಿತಲ್ಲ, ಕಂಡದ್ದನ್ನು ತಾವು ಯಾರಿಗೆ ಹೇಳಿದಿರಿ? ನರ್ಸಿಗೆ ಹೇಳಿದಿರಾ? ಇಲ್ಲ. ಡಾಕ್ಟರಿಗೆ? ಇಲ್ಲ. ತುಂಬು ಬಸುರಿಯ ಮುಖ ದಪ್ಪವಾಗಿದೆ ಎಂಬ ಸುದ್ದಿಯನ್ನು ತಾವು ಓಡಿಸಿಕೊಂಡು ಹೋಗಿ ಮುಟ್ಟಿಸಿದ್ದು ಕಳ್ಳರನ್ನು ಹಿಡಿಯುವ ಖಾತೆಗೆ. ಬಾವು ತಮ್ಮ ಲೆಕ್ಕದಲ್ಲಿ ಕಾಯಿಲೆಯಲ್ಲ, ವಂಚನೆ. ಬಡವರ ಹೆಣ್ಣುಮಗಳ ಮುಖದಲ್ಲಿ ಏನಾದರೂ ಬದಲಾದರೆ ಅದು ಮೋಸವೇ ಇರಬೇಕೆಂದು ತಮಗೆ ಕಲಿಸಿದವರು ಮನುಷ್ಯರು. ಆ ಮನುಷ್ಯರ ಮುಖ ಮಾತ್ರ ನಮಗೆ ಈವರೆಗೆ ಯಾವ ಯಂತ್ರದಲ್ಲೂ ಕಾಣಸಿಕ್ಕಿಲ್ಲ.

ಹೀಗಿರುವಲ್ಲಿ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ನಮ್ಮ ಹೋಬಳಿಗೆ ಪ್ರಸೂತಿ ವೈದ್ಯರಿಲ್ಲದೆ ಬಹಳ ಕಾಲವಾಗಿದೆ. ತಾವು ದೊಡ್ಡ ಮನಸ್ಸು ಮಾಡಿ ಆ ಹುದ್ದೆಯನ್ನು ವಹಿಸಿಕೊಳ್ಳಬೇಕು, ಬಿಳಿ ಕೋಟು ಹೊಲಿಸಿಕೊಡುವ ಭಾರ ಸಂಘದ್ದು. ಅದಾಗದಿದ್ದರೆ ಎಲ್ಲ ಬಸುರಿಯರೂ ಒಂಬತ್ತು ತಿಂಗಳೂ ಮೂರನೇ ತಿಂಗಳ ಮುಖವನ್ನೇ ಕಾಯ್ದುಕೊಳ್ಳತಕ್ಕದ್ದೆಂದು ಗರ್ಭಕೋಶಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕು. ಅದೂ ಕಷ್ಟವೆನಿಸಿದರೆ, ಒಂದು ಗೇಣು ಅಗಲದ ಬಟ್ಟೆಯ ಪಟ್ಟಿ, ಒಂದು ರಬ್ಬರು ಬುರುಡೆ, ಒಂದು ಮುಳ್ಳಿನ ಡಬ್ಬಿ ಸೇರಿದ ಬಿ.ಪಿ. ಯಂತ್ರವೆಂಬ ಪುರಾತನ ಸಲಕರಣೆಯನ್ನು ಪ್ರತಿ ಅಂಗನವಾಡಿಗೂ ಕೊಡಿಸಬೇಕು. ಏಳು ತುಂಬಿದವಳ ಮುಖ ಹೊಂದಿಕೆಯಾಗದಿದ್ದರೆ ಅದೇ ಗಳಿಗೆಯಲ್ಲಿ ನರ್ಸಿಗೆ ಫೋನು ಹೋಗಬೇಕು, ಮೊಟ್ಟೆ ಅವಳ ಕೈಗೆ ಹೋಗಬೇಕು. ದಾಕ್ಷಾಯಣಮ್ಮನವರ ಮೇಲಿನ ಸಮಜಾಯಿಷಿ ಸಂದೇಶವನ್ನು ಕಳಿಸಿದವರೇ ಬಂದು ಅಳಿಸಬೇಕು. ಮೊದಲ ಎರಡು ತಮಾಷೆಗೆ. ಉಳಿದವು ತಮಾಷೆಗಲ್ಲ.

ಭಾನುಪ್ರಿಯಾಳಿಗೆ ಇವತ್ತಿಗೆ ಮೂವತ್ತೈದು ವಾರ. ಹಾಸನದ ವಾರ್ಡಿನಲ್ಲಿ ಎಡಮಗ್ಗುಲಾಗಿ ಮಲಗಿ, ಮಗು ಒದೆದದ್ದನ್ನು ಬೆರಳೆಣಿಸಿಕೊಂಡು ನರ್ಸಿಗೆ ಹೇಳುತ್ತಾಳೆ. ಬಿ.ಪಿ. ಸದ್ಯಕ್ಕೆ ಮಾತ್ರೆಗೆ ಬಗ್ಗಿದೆ. ಮೂವತ್ತೇಳು ತುಂಬಿದರೆ ಒಳ್ಳೆಯದು, ಏರಿದರೆ ಆ ದಿನವೇ ಮಗುವನ್ನು ತೆಗೆಯುತ್ತೇವೆ ಎಂದಿದ್ದಾರೆ ಡಾಕ್ಟರಮ್ಮ. ಪೃಥ್ವಿರಾಜ್ ಗಾಡಿಯನ್ನು ಬೇರೆಯವರಿಗೆ ಒಪ್ಪಿಸಿ ವಾರ್ಡಿನ ಬಾಗಿಲಲ್ಲಿ ಕೂತಿದ್ದಾನೆ. ಅವ್ವ ಊಟ ಬಿಟ್ಟಿದ್ದಾಳೆ. ನಾನೇ ನೋಡದೆ ಹೋದೆನಲ್ಲ ಎನ್ನುವುದೊಂದೇ ಮಾತು. ಭಾನುಪ್ರಿಯಾ ಹೇಗಿದ್ದಾಳೆಂದು ಇವತ್ತು ಹೇಳಬಲ್ಲೆ, ನಾಳೆಯದು ಗೊತ್ತಿಲ್ಲ.

ಆದರೆ ಇನ್ನೊಂದು ಗೊತ್ತಿದೆ. ನಮ್ಮ ಸುತ್ತಲ ನಾಲ್ಕು ಕೊಪ್ಪಲುಗಳಲ್ಲಿ ಏಳು ತುಂಬಿದವರು ಇನ್ನೂ ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ನಾಲ್ವರನ್ನು ತಾವು ಈ ತಿಂಗಳು ಗುರುತಿಸಲು ನಿರಾಕರಿಸಿದ್ದೀರಿ. ಆ ನಾಲ್ವರನ್ನು ಮೊನ್ನೆಯೇ ರಂಜಿತಾ ಸ್ಕೂಟಿಯಲ್ಲಿ ಒಬ್ಬೊಬ್ಬರನ್ನಾಗಿ ಕರೆದೊಯ್ದು ತಪಾಸಣೆ ಮಾಡಿಸಿದ್ದಾರೆ. ಮೂವರದು ಬರೀ ತುಂಬು ಬಸಿರಿನ ಮುಖ. ಒಬ್ಬಳು ಈಗ ನನ್ನ ತಂಗಿಯ ಪಕ್ಕದ ಮಂಚದಲ್ಲಿದ್ದಾಳೆ. ಉಳಿದವರನ್ನೂ ಸೇರಿಸಿ ಪಂಚಾಯಿತಿ ಅಂಗಳದಲ್ಲಿ ಸಭೆ ಕರೆದಿದ್ದೇವೆ. ಈ ಸಲ ತಮಟೆ ಇಲ್ಲ, ಮೈಕು ಇಲ್ಲ. ಹೊಳೆನರಸೀಪುರದಿಂದ ಎರವಲು ತಂದ ಬಿ.ಪಿ. ಯಂತ್ರ ಒಂದು, ನೆರಳಿಗೆ ಶಾಮಿಯಾನ ಒಂದು, ಕೂರಲು ಕುರ್ಚಿಗಳು, ಬೀಗ ತೆಗೆದ ಕಕ್ಕಸು. ತಮ್ಮನ್ನು ತಯಾರಿಸಿದವರಿಗೂ, ನಡೆಸುವವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕರೆಯೋಲೆ ಹೋಗಿದೆ. ಅವರು ಬರದಿದ್ದರೆ ಉಳಿದ ಹತ್ತು ತುಂಬು ಬಸುರಿಯರು ಅದೇ ಶಾಮಿಯಾನವನ್ನು ಹೊತ್ತುಕೊಂಡು ಅವರಿದ್ದಲ್ಲಿಗೇ ಬರುತ್ತಾರೆ. ನಿಧಾನವಾಗಿ ಬರುತ್ತಾರೆ, ದಾರಿಯಲ್ಲಿ ಹತ್ತು ಕಡೆ ಕೂರುತ್ತಾರೆ, ಆದರೆ ಬರುತ್ತಾರೆ.

ತಮ್ಮಿಂದ ಇನ್ನೂ ಗುರುತಿಸಲ್ಪಡಬೇಕಾಗಿರುವ, ಆದರೂ ತಮ್ಮ ವಿಶ್ವಾಸಿ,

ತೇಜಶ್ರೀ
(ಹಿಂತೆಗೆದುಕೊಂಡ ಮಹಜರಿನ ಮೊದಲನೇ ಸಹಿ)

ವಿ.ಸೂ.: ನಿನ್ನೆ ಹಾಸನದಲ್ಲಿ ಸ್ಕ್ಯಾನ್ ಆಯಿತು. ಒಳಗಿರುವವರು ಎರಡು ಕೆ.ಜಿ. ನೂರು ಗ್ರಾಂ ಇದ್ದಾರೆ, ತಲೆ ಕೆಳಗಾಗಿದೆ, ಎದೆಬಡಿತ ಚೆನ್ನಾಗಿದೆ. ಎಷ್ಟು ಹೊತ್ತು ಕಾದರೂ ಮುಖಕ್ಕೆ ಅಡ್ಡವಾಗಿ ಹಿಡಿದ ಕೈಯನ್ನು ಮಾತ್ರ ತೆಗೆಯಲಿಲ್ಲವಂತೆ. ತಮ್ಮ ಸಮಾಚಾರ ಅವರಿಗೆ ಹೇಗೆ ತಲುಪಿತೋ ಕಾಣೆ. ಸಭೆ ಇರುವುದು ಬರುವ ಗುರುವಾರ, ನವೆಂಬರ್ ಇಪ್ಪತ್ತೇಳು, ಬೆಳಿಗ್ಗೆ ಹನ್ನೊಂದು ಗಂಟೆಗೆ.